ಸುಲ್ಮಾ ಬಿಟ್ಟುಕೊಡದ ಟೆಸ್ಟ್

ಸುಲ್ಮಾ ಎಚೆವೆರಿಗೆ ತಾಳ್ಮೆ ಹುಟ್ಟಿನಿಂದಲೇ ಕಡಿಮೆ, ಆದರೆ ಸಿಕ್ಕಿದ್ದೆಲ್ಲ ಕಾಯುವ ಕೆಲಸಗಳೇ. ಹರೆಯದಲ್ಲಿ ಪೈಸಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇವರ ತಂತಿಯನ್ನು ಅವರಿಗೆ ಚುಚ್ಚಿ, "ಮಾತಾಡಿ, ಮಾತಾಡಿ" ಅಂತ ಗದರುತ್ತಿದ್ದಳು. ಅದು ಮುಚ್ಚಿದ ಮೇಲೆ ರಾಜಧಾನಿ ಮೊಂತೆವಿದೆಯೊಗೆ ಬಂದು ಪ್ರೋಗ್ರಾಮ್ ಟೆಸ್ಟ್ ಮಾಡುವುದನ್ನು ಕಲಿತಳು. ಬಸ್ ಟಿಕೆಟ್ ಸಾಫ್ಟ್‌ವೇರ್ ಮಾಡುವ ಈ ಸಣ್ಣ ಆಫೀಸಿನಲ್ಲಿ ಈಗ ಅವಳೇ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಸಿಡುಕಿ.

ಆ ಬೆಳಿಗ್ಗೆ ಸಿಡುಕಲು ಕಾರಣವೂ ಇತ್ತು. ಟಿಕೆಟ್ ಪ್ರೋಗ್ರಾಮು ಡೇಟಾಬೇಸಿನ ಜೊತೆ ನೇರ ಮಾತಾಡುವುದಿಲ್ಲ, ನಡುವೆ ಪ್ರಾಕ್ಸಿ ಅನ್ನುವ ದಲ್ಲಾಳಿ ಇದೆ; ಕನೆಕ್ಷನ್ ಬೇಕಾದರೆ ಅದನ್ನೇ ಕೇಳಬೇಕು, ಕೆಲಸ ಮುಗಿದರೆ ಅದಕ್ಕೇ ವಾಪಸ್ ಕೊಡಬೇಕು. ಇದನ್ನು ಪರೀಕ್ಷಿಸಲು ಎಲ್ಲರೂ ಪ್ರೋಗ್ರಾಮಿಗೊಂದು, ಪ್ರಾಕ್ಸಿಗೊಂದು, ಡೇಟಾಬೇಸಿಗೊಂದು ಅಂತ ಮೂರು ಮಷೀನು ಹೂಡಿ ಒದ್ದಾಡುತ್ತಿದ್ದರು. ಸುಲ್ಮಾ ಮೂರನ್ನೂ ಒಂದೇ ಮಷೀನಿನ ಒಂದೇ ಪ್ರಾಸೆಸ್ಸಿನೊಳಗೆ ಕೂರಿಸಿ, ಪ್ರಾಕ್ಸಿಯ ಕೈಗೆ ಒಂದೇ ಒಂದು ಕನೆಕ್ಷನ್ ಕೊಟ್ಟು ಟೆಸ್ಟ್ ಓಡಿಸಿದಳು. ಅದು ನಿಂತುಬಿಟ್ಟಿತು. ತಪ್ಪು ಅಂತಲೂ ಹೇಳದು, ಸರಿ ಅಂತಲೂ ಹೇಳದು, ದಾರಿಗಡ್ಡ ನಿಂತ ಕೋಣದ ಹಾಗೆ.

"ಊಟದ ಹೊತ್ತಿಗೆ ಈ ಟೆಸ್ಟ್ ಓಡ್ಲಿಲ್ಲ ಅಂದ್ರೆ ಡಿಲೀಟ್ ಮಾಡ್ತೀನಿ ಕಣೇ," ಅಂದ ತಂಡದ ಮುಖ್ಯಸ್ಥ ಫಬ್ರಿಸಿಯೊ.

"ಟೆಸ್ಟ್ ಇಲ್ದೆ ಪ್ರಾಕ್ಸಿ ಹೊರಗೆ ಬಿಡ್ತೀಯೇನೋ?"

"ಪ್ರವಾಸದ ವಾರ ಬಂತು. ಇಡೀ ದೇಶ ಬಸ್ ಹತ್ತುತ್ತೆ. ನಿನ್ನ ಒಂದ್ ಟೆಸ್ಟಿಗೆ ಕಾಯ್ತಾ ಕೂರಾಣ್ವಾ?"

ಸುಲ್ಮಾ ಮತ್ತೆ ಓಡಿಸಿದಳು, ಮತ್ತೆ ನಿಂತಿತು, ಪ್ರಾಕ್ಸಿಯ ಹಿಂದಿನ ಏಳು ತಲೆಮಾರನ್ನೂ ಬೈದು ಮತ್ತೊಮ್ಮೆ ಓಡಿಸಿದಳು, ಆಗಲೂ ನಿಂತಿತು. ಅಷ್ಟರಲ್ಲಿ ಮಾಟೆ ಎಲೆಯ ಕಷಾಯ ಕುಡಿಯುವ ಹೊತ್ತಾಯಿತು. ಬಿಸಿನೀರಿನ ಥರ್ಮಾಸು ಅವಳ ಕಂಕುಳಲ್ಲಿ. ಎಲ್ಲರಿಗೂ ಸೇರಿ ಇರುವ ಒಂದೇ ಸೋರೆಬುರುಡೆಗೆ ಅವಳೇ ಹುಯ್ಯಬೇಕು, ಕೊಳವೆಯಲ್ಲಿ ಹೀರಿ, ಕುಡಿದವರು ಅವಳಿಗೇ ವಾಪಸ್ ಕೊಡಬೇಕು. ಫಬ್ರಿಸಿಯೊ ಹೀರಿ ಮುಗಿಸಿದರೂ ಬುರುಡೆ ಅಲ್ಲಾಡಿಸುತ್ತ ಮಾತಾಡಿದ, ಮಾತಾಡಿದ, ನಡುವೆಯೇ ಅಂದ:

"ನಂಗಿನ್ನೊಂದು ಹಾಕು."

"ಎಲ್ಲಿಗೆ ಹಾಕ್ಲೋ, ನಿನ್ನ ತಲೆ ಮೇಲಾ? ಬುರುಡೆ ನಿನ್ ಕೈಲೇ ಇದೆ. ಅದೇನು ಮೈಕಾ? ಕೊಡು ಇಲ್ಲಿ."

ಎಲ್ಲರೂ ನಕ್ಕರು. ಸುಲ್ಮಾ ನಗಲಿಲ್ಲ. ಬುರುಡೆಗೆ ಚಾಚಿದ ಕೈಯನ್ನು ಹಾಗೇ ಬಿಟ್ಟು ಸ್ಕ್ರೀನಿನ ಕಡೆ ತಿರುಗಿದಳು, ಟಿಕೆಟ್ ಪ್ರೋಗ್ರಾಮಿನ ಕೋಡ್ ತೆರೆದಳು. ಸೀಟು ಕಾದಿರಿಸುವ ಭಾಗ ಒಂದು ಕನೆಕ್ಷನ್ ಹಿಡಿದುಕೊಳ್ಳುತ್ತದೆ. ಅದನ್ನು ಬಿಡದೆಯೇ, ಟಿಕೆಟ್ ದರ ನೋಡಲು ಇನ್ನೊಂದು ಕೇಳುತ್ತದೆ. ಇರುವುದೇ ಒಂದು. ಪ್ರಾಕ್ಸಿ ಪಾಪ, ವಾಪಸ್ ಬರಲಿ ಅಂತ ಕಾಯುತ್ತಲೇ ಇತ್ತು.

"ಇದನ್ನ ಬರ್ದಿದ್ ಯಾರು?"

"ನಾನೇ," ಅಂದ ಫಬ್ರಿಸಿಯೊ. "ನಿಜವಾಗಿ ಓಡೋವಾಗ ಇಪ್ಪತ್ತು ಕನೆಕ್ಷನ್ ಇರುತ್ತೆ, ಏನೂ ಆಗಲ್ಲ ಬಿಡು."

"ಇಪ್ಪತ್ ಜನ ಒಟ್ಟಿಗೆ ಒಂದೊಂದು ಹಿಡ್ಕೊಂಡು ಇನ್ನೊಂದೊಂದು ಕೇಳಿದ್ರೆ? ಎಲ್ಲಿಂದ ತರುತ್ತೆ, ನಿಮ್ಮಜ್ಜಿ ಮನೆಯಿಂದಾ? ಪ್ರವಾಸದ ವಾರ ಅಂತ ನೀನೇ ಅಂದ್ಯಲ್ಲ."

ಫಬ್ರಿಸಿಯೊ ಕುರ್ಚಿ ಎಳೆದುಕೊಂಡು ಕೂತ. ಮೊದಲು ಹಿಡಿದ ಕನೆಕ್ಷನ್ನಿನಲ್ಲೇ ದರವನ್ನೂ ನೋಡುವ ಹಾಗೆ ತಿದ್ದಿದ. ಟೆಸ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, ಪಾಸಾದ ಹಸಿರು ಗುರುತು ಬಿತ್ತು.

"ಸರಿಹೋಯ್ತಲ್ಲ, ಇನ್ನು ಅದನ್ನ ಡಿಲೀಟ್ ಮಾಡಣ್ವಾ?" ಅಂದ ಅವನು, ಏನೂ ನಡೆದೇ ಇಲ್ಲವೆಂಬಂತೆ.

ಸುಲ್ಮಾ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟಳು.

"ಅದನ್ನ ಆಗ್ಲೇ ರಿಲೀಸಿಗೆ ಕಟ್ಟಿಯಾಯ್ತು. ಆ ಟೆಸ್ಟ್ ಪಾಸಾಗ್ದೆ ಇನ್ಮೇಲೆ ನಿನ್ನ ಒಂದ್ ಸಾಲೂ ಹೊರಗೆ ಹೋಗಲ್ಲ."

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ದೆ. ನೀನು ಬುರುಡೆ ಹಿಡ್ಕೊಂಡು ಮಾತಾಡ್ತಿದ್ದೆ."