ಕೋಳಿಶೆಡ್ಡಿನ ಕೊಳವೆಯಲ್ಲಿ ಕೂತ ಗಾಳಿ

ಇವತ್ತು ಬೆಳಗ್ಗೆ ಮೀನಂಗಡಿ ಎಂಬ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ವರ್ಕ್‌ಶಾಪಿನಲ್ಲಿ ಯಾರೋ ಜೀಪಿನ ರೇಡಿಯೇಟರಿನ ಮುಚ್ಚಳ ಸಡಿಲಿಸಿದರು. ಸುಯ್ಯೆಂದು ಗಾಳಿ ಹೊರಬಿತ್ತು. ನಾನು ತಟ್ಟನೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೆಂದು ನಿಮಗೆ ಹೇಳಲೇಬೇಕು.

ಚೇಕಾಡಿಯ ನನ್ನ ಸೋದರಮಾವನದು ಗದ್ದೆ ಬೇಸಾಯ. ಒಂದು ವರ್ಷ ಅದರ ಜೊತೆಗೆ ಕೋಳಿಮರಿ ಸಾಕಲು ಹೊರಟರು. ಕಾಡಂಚಿನ ಮಾಗಿಚಳಿಯನ್ನು ಮರಿಗಳು ತಡೆಯಲಾರವು. ಅದಕ್ಕೆ ಶೆಡ್ಡಿನ ಸುತ್ತ ಕಬ್ಬಿಣದ ಕೊಳವೆ ಹಾಕಿಸಿ, ಸೌದೆ ಒಲೆಯಲ್ಲಿ ಕಾದ ನೀರು ಪಂಪಿನ ಬಲದಿಂದ ಒಂದು ಸುತ್ತು ಹೊಡೆದು ಮತ್ತೆ ಒಲೆಗೇ ಬರುವಂತೆ ಮಾಡಿಸಿದರು. ಬಾಗಿಲು ಬಂದಲ್ಲಿ ಮಾತ್ರ ಕೊಳವೆ ಮೇಲೇರಿ, ದಾಟಿ, ಇಳಿಯುತ್ತಿತ್ತು.

ಮರಿಗಳೇನೋ ಬಂದವು, ಬಾಗಿಲಿನಾಚೆಯ ಕೊಳವೆ ಬಿಸಿಯಾಗಲೇ ಇಲ್ಲ. ಮರಿಗಳೆಲ್ಲ ಈಚೆ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯತೊಡಗಿದವು.

“ಮಾಷ್ ಬರಲಿ” ಎಂದರಂತೆ ಮಾವ. ಮಾಷ್ ಅಂದರೆ ನಾನು, ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು. ಹೋದವನೇ ಕಾಗದದ ಮೇಲೆ ಚಿತ್ರ ಬರೆದು, ಶಾಖದ ಹರಿವಿನ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿ, ಸೌದೆ ಹೆಚ್ಚಿಸಲು ಹೇಳಿದೆ. ಈಚೆಯ ಕೊಳವೆ ಇನ್ನಷ್ಟು ಕಾಯಿತು, ಅಷ್ಟೆ.

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಕೊಳವೆಯುದ್ದಕ್ಕೂ ಅದರಿಂದ ತಟ್ಟುತ್ತ ಹೋಗಿ ಬಾಗಿಲ ಬಳಿ ನಿಂತರು. ಮೇಲಿನ ಭಾಗದಲ್ಲಿ ಮಾತ್ರ ಖಾಲಿ ಕೊಡದ ಸದ್ದು.

“ಇಲ್ಲಿ ನೀರಿಲ್ಲ. ಗಾಳಿ ಕೂತದೆ.”

“ಎಲ್ಲ ಕಡೆ ಮುಚ್ಚಿದ ಕೊಳವೆಗೆ ಗಾಳಿ ಎಲ್ಲಿಂದ ಬರುತ್ತೆ ಅತ್ತೆ?” ಎಂದೆ.

“ನೀರು ತುಂಬೋಕೆ ಮುಂಚೆ ಒಳಗೆ ಏನಿತ್ತು? ಅದು ಎಲ್ಲಿಗೆ ಹೋಗಬೇಕು?”

ನಾನು ಕತ್ತೆತ್ತಿ ನೋಡಿದೆ. ಕೊಳವೆಯ ನೆತ್ತಿಯಲ್ಲಿ ಗಾಳಿ ಬಿಡಲೆಂದೇ ಒಂದು ಪುಟ್ಟ ತಿರುಪು ಇತ್ತು. ನೀರು ಸೋರೀತೆಂದು ಮಾವ ಅದನ್ನು ಮೊದಲೇ ಬಿಗಿದು ಪೇಂಟು ಬಳಿದಿದ್ದರು. ಪಂಪು ನಿಲ್ಲಿಸಿ, ಕೊಳವೆ ಆರಲು ಬಿಟ್ಟು, ನಾನೇ ಸ್ಟೂಲು ಹತ್ತಿ ತಿರುಪು ಸಡಿಲಿಸಿದೆ. ಗಾಳಿ ಸುಯ್ಯೆಂದು ಹೋಗುತ್ತಲೇ ಇತ್ತು.

“ಮುಖ ಹಿಂದಕ್ಕಿಟ್ಕೊ ಮಗಾ” ಎಂದರು ಅತ್ತೆ.

ಇದರ ಹಿಂದಿನ ತತ್ವವನ್ನು ವಿವರಿಸಲು ನಾನು ಬಾಯಿ ತೆರೆದದ್ದೂ, ಉಗುರುಬೆಚ್ಚಗಿನ ಕಪ್ಪು ನೀರು ಬಾಯಿಗೇ ಚಿಮ್ಮಿದ್ದೂ ಒಟ್ಟಿಗೆ. ಕನ್ನಡಕ ಬಿದ್ದು ಒಡೆಯಿತು.

“ಸಾಕು, ಇಷ್ಟು ಸಾಕು. ತಿರುಪು ಮುಚ್ಚು” ಎಂದರು ಅತ್ತೆ.

ಕಡಿಮೆಯಾದ ನೀರು ತುಂಬಿಸಿ ಪಂಪು ಹಾಕಿದೆವು. ಸ್ವಲ್ಪ ಹೊತ್ತಿಗೆ ಆಚೆಯ ಕೊಳವೆಯೂ ಬೆಚ್ಚಗಾಯಿತು. ಒಂದು ಮರಿ ಹೋಗಿ ಅಲ್ಲಿ ನಿಂತಿತು. ಎರಡನೇ ಬಸ್ಸು ಬಂತೆಂದು ತಿಳಿದ ಪ್ರಯಾಣಿಕರಂತೆ ಉಳಿದವೂ ನುಗ್ಗಿದವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಬಂದವರಿಗೆಲ್ಲ ಮಾವ, “ನಮ್ಮ ಮಾಷ್ ಕಂಡುಹಿಡಿದದ್ದು” ಎನ್ನುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ.

ಇವತ್ತು ಯಾಕೋ ಮನಸ್ಸು ಚುಚ್ಚತೊಡಗಿತು. ನಿಂತಲ್ಲಿಂದಲೇ ಅತ್ತೆಗೆ ಫೋನು ಮಾಡಿದೆ. “ಅತ್ತೆ, ಅವತ್ತು ಕಂಡುಹಿಡಿದದ್ದು ನೀವು. ಇಷ್ಟು ವರ್ಷ ನಾನು ಯಾರಿಗೂ ಹೇಳಲಿಲ್ಲ.”

“ಅದಕ್ಕೇನು ಮಗಾ. ನಾನು ಅವತ್ತೇ ಚೇಕಾಡಿಗೆಲ್ಲ ಹೇಳಿದೀನಿ. ನಿನ್ನ ಬಾಯಿಗೆ ನೀರು ಬಂದದ್ದೂ ಸೇರಿಸಿ.”

ಆ ಊರಲ್ಲಿ ನನ್ನನ್ನು ಕಂಡವರೆಲ್ಲ ನಗುವುದು ಗೌರವದಿಂದ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.