ಸಿಸ್ಟರನ್ನು ಕರೆತರಲು ಹೋದ ವ್ಯಾನು

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಜಪಮಾಲೆ ಹೇಳಲು ನಿಮಗೆ ಬರುತ್ತದಾ? ಬರುವುದಿಲ್ಲ ತಾನೇ? ಪ್ರಯತ್ನವನ್ನೂ ಮಾಡಬೇಡಿ. ನಾನು ಮಾಡಿ ತುಟಿ ಊದಿಸಿಕೊಂಡವಳು. ನಮ್ಮ ಹೊಲಿಗೆ ಸಿಸ್ಟರಿಗೆ ಮಾತ್ರ ಅದು ನೀರು ಕುಡಿದಷ್ಟು ಸುಲಭ. ತೆಳ್ಳಗಿನ ತುಟಿಗಳ ನಡುವೆ ಸಾಲಾಗಿ ಸೂಜಿಗಳು, ಕೊರಳಲ್ಲಿ ಅಳತೆಯ ಟೇಪು, ಕಾಲು ಮೆಷಿನಿನ ಪೆಡಲಿನ ಮೇಲೆ. ಪ್ರಾರ್ಥನೆ ಎಲ್ಲಿಯೂ ತಡೆಯದೆ ಸಾಗುತ್ತಿತ್ತು. ನಡುವೆ ಯಾರಾದರೂ ಬಟ್ಟೆ ಓರೆ ಹಿಡಿದರೆ ‘ಊಂ’ ಎಂದು ಮೂಗಿನಲ್ಲೇ ಗದರಿಸುತ್ತಿದ್ದರು.

ಉಡುಪಿ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಕಾಪುವಿನಲ್ಲಿ, ಕಾನ್ವೆಂಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಕ್ಲಾಸು. ಕೊಂಕಣಿಯ ನಾವು, ಬ್ಯಾರಿ ಮಾತಿನ ಮುಸ್ಲಿಂ ಹುಡುಗಿಯರು, ಮೀನು ಮಾರುವ ಹೆಂಗಸರು, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಹೆಂಡತಿಯರು, ಎಲ್ಲರೂ ಅಲ್ಲಿ ಒಂದೇ ಬೆಂಚು. ಮೆಷಿನಿನ ಸದ್ದಿನ ಜೊತೆ ನಾಲ್ಕು ಭಾಷೆಯ ಚಾಡಿಯೂ ಹೊಲಿಗೆಯಾಗುತ್ತಿತ್ತು. ನನ್ನ ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅತ್ತೆಯ ಜೊತೆ ಜಗಳವಾಡುವ ಬದಲು ನಾನು ಅಲ್ಲಿಗೆ ಹೋಗತೊಡಗಿದೆ. ಅತ್ತೆಗೂ ಅದೇ ಬೇಕಿತ್ತು.

ಸಿಸ್ಟರಿಗೆ ಕೈಯಲ್ಲಿ ಕಲೆಯಿತ್ತು, ಮನಸ್ಸಿನಲ್ಲಿ ಸ್ವಲ್ಪ ಜಂಭವೂ ಇತ್ತು. ಪಡುಬಿದ್ರಿ, ಕಾರ್ಕಳದಿಂದೆಲ್ಲ ಫಾದರುಗಳು ಪೂಜೆಯ ಉಡುಪು ಹೊಲಿಸಲು ಬರುತ್ತಿದ್ದರು. ‘ಇದು ಕಾಪುವಿನ ಸಿಸ್ಟರಿನದ್ದೇ ಕೈ’ ಎಂದು ಯಾರಾದರೂ ಹೇಳಿದರೆ ಸಾಕು, ‘ದೇವರದ್ದು, ದೇವರದ್ದು’ ಎನ್ನುತ್ತ ಕಿವಿಯವರೆಗೂ ಕೆಂಪಾಗುತ್ತಿದ್ದರು. ಕ್ಲಾಸಿಗೆಂದು ಹೊಸ ಹಾಲ್ ಏಳಲು ಶುರುವಾದ ಮೇಲಂತೂ ಕೇಳುವುದೇ ಬೇಡ. ಮೇಸ್ತ್ರಿಯ ಬೆನ್ನು ಬಿಡಲಿಲ್ಲ. ಹೊಲಿಯುವವರ ಎಡಗಡೆಯಿಂದ ಬೆಳಕು ಬೀಳಬೇಕೆಂದು, ಆಗಲೇ ಕಟ್ಟಿದ್ದ ಕಿಟಕಿಯನ್ನೇ ಒಡೆಸಿ ಬೇರೆ ಕಡೆ ಇಡಿಸಿದರು. ಬಿಷಪರು ಬಂದು ಆಶೀರ್ವಾದ ಮಾಡುವ ದಿನವೂ ಗೊತ್ತಾಯಿತು.

ಅಷ್ಟರಲ್ಲಿ ಸಿಸ್ಟರುಗಳ ಮೇಲಧಿಕಾರಿ ಮದರಿನಿಂದ ಆಜ್ಞೆ ಬಂತು. ಅಜೆಕಾರಿನ ಹತ್ತಿರ, ವಯಸ್ಸಾದ ಸಿಸ್ಟರುಗಳಿರುವ ಮನೆಯಲ್ಲಿ ಅಡಿಗೆಯವರು ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಕೂಡಲೇ ಹೊರಡಬೇಕು ಎಂದು. ಮಾರನೆಯ ದಿನ ಒಂದು ಚೀಲ ಹಿಡಿದುಕೊಂಡು ಸಿಸ್ಟರ್ ಬಸ್ಸು ಹತ್ತಿದರು. ನಮಗೆ ಸರಿಯಾಗಿ ಮುಖ ಕೂಡ ತೋರಿಸಲಿಲ್ಲ.

ನಾವು ಬಿಡುವವರಾ? ಹಾಲ್ ಕಟ್ಟಿಸಿದವರೇ ಇಲ್ಲದೆ ಎಂತಹ ಉದ್ಘಾಟನೆ? ಕಲಿಸುವವರಿಲ್ಲದೆ ಎಂತಹ ಕ್ಲಾಸು? ಅರ್ಧಕ್ಕೆ ನಿಂತರೆ ಆ ಹುಡುಗಿಯರ ಗತಿ ಏನು? ಮೂರನೆಯ ಭಾನುವಾರ ಪೂಜೆ ಮುಗಿದದ್ದೇ ಒಂದು ವ್ಯಾನು ಮಾಡಿಕೊಂಡು ಹೊರಟೆವು. ಮುಂದಾಳು ನಾನೇ, ಇನ್ಯಾರು? ಹೋದ ಕೆಲಸ ಆಗಲೆಂದು ಪಡುಬಿದ್ರಿಯಿಂದಲೇ ಜಪಮಾಲೆ ಶುರು ಮಾಡಿದೆವು. ಕುಕ್ಕುಂದೂರು ದಾಟುವಷ್ಟರಲ್ಲಿ ಮುಗಿಯಿತು. ವಿಧೇಯತೆಯ ವ್ರತ ತೊಟ್ಟ ಒಬ್ಬ ಸಿಸ್ಟರ್ ಆಜ್ಞೆ ಮುರಿಯಲಿ ಎಂದು ಮಾತೆ ಮರಿಯಳನ್ನೇ ಬೇಡಿಕೊಂಡ ಹೆಂಗಸರು ಲೋಕದಲ್ಲಿ ನಾವು ಮಾತ್ರ ಇರಬೇಕು.

ಸಿಸ್ಟರ್ ಅಡಿಗೆಮನೆಯಲ್ಲಿದ್ದರು. ಏಪ್ರನಿನ ತುಂಬ ಮಸಿ. ನಮ್ಮನ್ನು ಕಂಡವರೇ ಮೊದಲು ಕೇಳಿದ್ದು, “ಕಿಟಕಿಗೆ ಗಾಜು ಹಾಕಿದ್ರಾ?”

“ನೀವೇ ಬಂದು ನೋಡಿ, ವ್ಯಾನು ಉಂಟು,” ಎಂದೆ ನಾನು.

“ಮೊದಲು ಊಟ ಮಾಡಿ ಮಾರಾಯ್ತಿ. ಅಷ್ಟು ದೂರದಿಂದ ಬಂದಿದ್ದೀರಿ.”

ಬಡಿಸಿದರು. ಅನ್ನ ಅರ್ಧ ಬೆಂದಿತ್ತು, ಸಾರನ್ನು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನಮ್ಮ ಜೊತೆ ಬಂದಿದ್ದ ಮೀನು ಮಾರುವ ಅಕ್ಕನಿಗೆ ತಡೆಯಲಾಗಲಿಲ್ಲ. “ಎಂತ ಸಿಸ್ಟರ್, ಬರುವಾಗ ಕಾಪುವಿನ ಸಮುದ್ರವನ್ನೂ ತಂದಿದ್ದೀರಾ?”

ಒಳಗಿನ ಕೋಣೆಯಿಂದ ಹಾಸಿಗೆ ಹಿಡಿದಿದ್ದ ಒಬ್ಬ ಮುದಿ ಸಿಸ್ಟರಿನ ಸ್ವರ ಬಂತು. “ಇವತ್ತೂ ಅನ್ನ ಕಲ್ಲಾ? ದೇವರು ನನ್ನ ಹಲ್ಲು ತೆಗೆದ ಮೇಲೆ ಇವಳನ್ನು ಕಳಿಸಿದ!”

ಎಲ್ಲರೂ ನಕ್ಕೆವು. ಸಿಸ್ಟರೂ ನಕ್ಕರು, ಆಮೇಲೆ ಸೌಟು ಕೆಳಗಿಟ್ಟು ನಮ್ಮ ಪಕ್ಕ ಕೂತರು. ನನಗೆ ಇದೇ ಸಮಯ ಅನಿಸಿತು.

“ಇದು ಮದರಿನ ಆಜ್ಞೆ ಸಿಸ್ಟರ್, ದೇವರದ್ದಲ್ಲ. ಬನ್ನಿ. ನಾವೆಲ್ಲ ಸೇರಿ ಹೇಳ್ತೇವೆ.”

“ದೇವರ ಇಷ್ಟದಂತೆ ಆಗಲಿ ಅಂತ ದಿನಾ ಕೈ ಜೋಡಿಸ್ತೇವೆ. ಆದ ಮೇಲೆ ವ್ಯಾನು ಮಾಡಿಕೊಂಡು ಜಗಳಕ್ಕೆ ಬರ್ತೇವೆ, ಅಲ್ವಾ?”

“ನಿಮಗೆ ಬೇಜಾರಿಲ್ಲವಾ?”

“ಇಲ್ಲದೆ? ಮೊದಲ ವಾರ ದೇವರ ಜೊತೆ ಮಾತೇ ಬಿಟ್ಟಿದ್ದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಹಾಲ್, ಆ ಕಿಟಕಿ. ಒಂದು ದಿನ ನನಗೇ ಹೆದರಿಕೆಯಾಯಿತು. ಇಷ್ಟು ದಿನ ನಾನು ಮೊಣಕಾಲೂರಿದ್ದು ಯಾರ ಮುಂದೆ ಅಂತ. ಒಳಗಿರುವ ಆ ಅಜ್ಜಿಗೆ ನನ್ನ ಹೊಲಿಗೆ ಬೇಡ, ಮೆತ್ತಗಿನ ಗಂಜಿ ಬೇಕು. ದೇವರು ಈಗ ಅದನ್ನೇ ಕೇಳ್ತಾ ಇದ್ದಾನೆ. ನನ್ನ ಹತ್ತಿರ ಇರುವುದನ್ನಲ್ಲ, ಅವನಿಗೆ ಬೇಕಾದ್ದನ್ನು ಕೊಡಬೇಕಲ್ವಾ?”

ಸಿಸ್ಟರ್ ಎದ್ದು ನಮಗೆಲ್ಲ ಹರಿದ ದಿಂಬಿನ ಚೀಲಗಳನ್ನು ಹಂಚಿ, “ಕೈ ಖಾಲಿ ಉಂಟಲ್ಲ” ಎಂದರು. ಕರೆತರಲು ಹೋದವರು ಸಂಜೆಯವರೆಗೂ ಅಲ್ಲಿ ಕೂತು ತೇಪೆ ಹಾಕಿದೆವು.

ಹೊಸ ಹಾಲ್ ಉದ್ಘಾಟನೆ ಅವರಿಲ್ಲದೆಯೇ ಆಯಿತು. ಅವರು ಅಜೆಕಾರಿನಲ್ಲೇ ಉಳಿದರು. ಆ ಮುದಿ ಸಿಸ್ಟರ್ ಇವರ ಕೈಯ ಗಂಜಿ ಕುಡಿದೇ ಕಣ್ಣು ಮುಚ್ಚಿದರು. ಕೆಲವು ವರ್ಷಗಳ ನಂತರ ಇವರಿಗೂ ಕಾಯಿಲೆಯಾಗಿ, ಮಣಿಪಾಲದ ಆಸ್ಪತ್ರೆಗೆ ಹೋಗಿ ಬಂದು, ಅದೇ ಮನೆಯಲ್ಲಿ ತೀರಿಕೊಂಡರು. ಅವರನ್ನು ಕಂಡೇ ಇರದ ಹುಡುಗಿಯರೂ ತಾವೇ ಹೊಲಿದ ರವಿಕೆ ತೊಟ್ಟು ಮಣ್ಣಿಗೆ ಬಂದಿದ್ದರು. ಅವರೆಲ್ಲ ನನ್ನ ಹತ್ತಿರ ಕಲಿತವರು. ಹೌದು, ನನ್ನ ಹತ್ತಿರ. ಮಂಡಿ ನೋವು ಬಂದು ಪೆಡಲು ತುಳಿಯಲಾಗದೆ ಹೋಗುವವರೆಗೂ ಆ ಕ್ಲಾಸು ನಡೆಸಿದವಳು ನಾನು. ಅತ್ತೆ ಕೊನೆಯವರೆಗೂ ನಂಬಲೇ ಇಲ್ಲ. ಸ್ವಂತ ಮಕ್ಕಳ ಚಡ್ಡಿಯನ್ನೂ ನೆಟ್ಟಗೆ ಹೊಲಿಯದವಳನ್ನು ಟೀಚರ್ ಎಂದು ಕರೆಸಿದ್ದು ಆ ಸಿಸ್ಟರ್. ಈಗಲೂ ರಸ್ತೆಯಲ್ಲಿ ಯಾರಾದರೂ ಹಾಗೆ ಕರೆದರೆ ನಾನು ಮನಸ್ಸಿನಲ್ಲೇ ಅವರಿಗೆ ಒಂದು ‘ನಮೋ ಮರಿಯ’ ಪ್ರಾರ್ಥನೆ ಒಪ್ಪಿಸುತ್ತೇನೆ.

ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ. ಆ ಭಾನುವಾರ ಸಂಜೆ ನಾನು ವ್ಯಾನು ಹತ್ತುವಾಗ ಸಿಸ್ಟರ್ ಸೌಟು ಹಿಡಿದುಕೊಂಡೇ ಗೇಟಿನವರೆಗೆ ಬಂದರು.

“ನಾಳೆಯಿಂದ ಕ್ಲಾಸು ನೀನು ತೆಗೆದುಕೋ.”

“ನಾನಾ? ಬೇಡ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೇನೆ. ನಾನು ಕತ್ತರಿ ಹಿಡಿದರೆ ಕುತ್ತಿಗೆ ಇರುವಲ್ಲಿ ತೋಳು ಬರ್ತದೆ. ನನಗೆ ಏನೂ ಬರುವುದಿಲ್ಲ.”

“ನನಗೆ ಅಡಿಗೆ ಬರ್ತದಾ? ಮಧ್ಯಾಹ್ನ ಉಂಡೆಯಲ್ಲ, ಹೇಳು!”