ಹನುಮಂತಪ್ಪನ ಎರಡು ತೂತಿನ ಡಬ್ಬಿ

ಗಜೇಂದ್ರಗಡದಲ್ಲಿ ನನ್ನನ್ನು ಕೇಳದೆ ಮೈಕು ಕೊಂಡ ಮನುಷ್ಯ ಹನುಮಂತಪ್ಪ ಒಬ್ಬನೇ. ಅಲ್ಲ, ತಪ್ಪು ಹೇಳಿದೆ. ಕೇಳಿದ. ಹತ್ತು ಹನ್ನೊಂದು ಸಲ ಅಂಗಡಿಗೆ ಬಂದು ಕೇಳಿದ, ನಾನು ಹೇಳಿದ್ದಕ್ಕೆಲ್ಲ ತಲೆದೂಗಿದ, ಆಮೇಲೆ ಹುಬ್ಬಳ್ಳಿ ಬಸ್ಸು ಹತ್ತಿ ತನಗೆ ತೋಚಿದ್ದನ್ನು ತಂದ. ನಾನು ದಿಲಾವರ. ಇಪ್ಪತ್ತೆರಡು ವರ್ಷದಿಂದ ಮದುವೆ, ಉರುಸು, ಪುರಾಣ, ಚುನಾವಣೆ ಅಂತ ಈ ಊರಿಗೆಲ್ಲ ಮೈಕ್‌ಸೆಟ್ ಬಾಡಿಗೆ ಕೊಡುತ್ತ ಬಂದವನು. ನನ್ನ ಮಾತಿಗೆ ಅಷ್ಟಾದರೂ ಕಿಮ್ಮತ್ತು ಬೇಡವೇ?

ಹನುಮಂತಪ್ಪ ನೇಕಾರ. ಅರವತ್ತು ಹತ್ತಿರ ಬಂದಿದೆ. ಭುಜ ಹಿಡಿದುಕೊಂಡ ಮೇಲೆ ಅವನು ಮಗ್ಗದಿಂದ ಎದ್ದ, ಹೆಂಡತಿ ಅನ್ನವ್ವ ಕೂತಳು. ನೂಲು ತರುವುದು, ಸುತ್ತಿ ಕೊಡುವುದು, ನೇಯ್ದ ಸೀರೆ ಮುಟ್ಟಿಸಿ ಬರುವುದು ಇವನ ಕೆಲಸ. ಉಳಿದ ಹೊತ್ತು ಹಾರ್ಮೋನಿಯಂ. ಸೋಮವಾರದ ಭಜನೆಯಲ್ಲಿ ಉಳಿದವರೆಲ್ಲ ಎರಡನೆಯ ನುಡಿಯಲ್ಲಿದ್ದರೆ ಇವನ ಪೆಟ್ಟಿಗೆ ಮಂಗಳಾರತಿಯ ಹತ್ತಿರ ಬಂದಿರುತ್ತದೆ. ಹೇಳಿದರೆ, ಅವರೇ ಹಿಂದೆ ಬಿದ್ದರು ಅನ್ನುತ್ತಾನೆ.

ಹಾಡುಗಾರ್ತಿ ಖರೇ ಅಂದರೆ ಅನ್ನವ್ವ. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಕೆಳಗಿನ ಮಣೆ ತುಳಿಯುತ್ತ, ಮೇಲೆ ಲಾಳಿ ಎಸೆಯುತ್ತ ಆಕೆ ಪದ ಶುರು ಮಾಡಿದರೆ ಓಣಿಯ ಹೆಂಗಸರು ಅದೇ ಗತ್ತಿಗೆ ರೊಟ್ಟಿ ಬಡಿಯುತ್ತಿದ್ದರು. ಹೇಳಿದ್ದೊಂದು ಬಿಟ್ಟು ಬೇರೆಲ್ಲ ತರುವ ಗಂಡನ ಮೇಲೆ ಒಂದು ಪದವಿತ್ತು. ನನಗೆ ಅದೇ ಬಲು ಇಷ್ಟ.

‘ಉಪ್ಪ ತಾ ಅಂದರ ಕುಪ್ಪಸ ತಂದಾನ,
ಬೆಲ್ಲ ತಾ ಅಂದರ ಬಾಸಿಂಗ ತಂದಾನ,
ಎಂಥಾವ ನನ್ನ ಮನಿಯಾವ.’

ಹೋದ ಮಳೆಗಾಲದಲ್ಲಿ ಅನ್ನವ್ವನ ಮೊಣಕಾಲು ಬಾತವು. ದವಾಖಾನೆಯಲ್ಲಿ ಡಾಕ್ಟರು, ಇನ್ನು ಕುಣಿಗೆ ಇಳಿಯಬೇಡಿ ಅಂದರು. ರೋಣದಲ್ಲಿ ಟೀಚರ್ ಆಗಿರುವ ಮಗಳು ಅನ್ನಪೂರ್ಣ ಬಂದು, ನೇಯ್ದದ್ದು ಸಾಕು, ಕೂತು ಸೀರೆ ಮಾರಿರಿ ಅಂದಳು. ಬನ್ನಿ ಹಬ್ಬ ಮುಗಿದ ಸೋಮವಾರ ಮಗ್ಗವನ್ನು ಗುಳೇದಗುಡ್ಡದ ಒಂದು ಮನೆಯವರು ಬಂದು ಒಯ್ಯುವುದೆಂದು ಮಾತಾಯಿತು. ತೊಂದರೆ ಇದ್ದದ್ದು ಬೇರೆ ಕಡೆ. ಅನ್ನವ್ವನಿಗೆ ಕಾಲು ಆಡದಿದ್ದರೆ ಪದ ಬಾಯಿಗೆ ಬರುವುದಿಲ್ಲ. ಲಕ್ಕಲಕಟ್ಟಿಯ ತವರಿನ ಮದುವೆಗಳಲ್ಲಿ ಎಷ್ಟೋ ಸಲ ಹಾಡಲು ಕೂರಿಸಿದ್ದಾರೆ. ಎರಡು ಸಾಲು ಆದ ಮೇಲೆ ಮುಂದಿನದು ಸಿಗದೆ ಎಲೆ ಅಡಿಕೆ ಹಾಕಿಕೊಂಡು ಎದ್ದು ಬಂದಿದ್ದಾಳೆ.

“ಮಗ್ಗ ಹ್ವಾದರ ಪದಾನೂ ಹ್ವಾದುವು ತಗೋರಿ” ಅಂತ ಆಕೆ ಅಂದದ್ದು ಬೇಳೆ ಹಸನು ಮಾಡುತ್ತ, ಸುಮ್ಮನೆ. ಹನುಮಂತಪ್ಪನಿಗೆ ಅದು ಸುಮ್ಮನೆ ಆಗಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತ. ಕಂಕುಳಲ್ಲಿ ಅನ್ನಪೂರ್ಣ ಬಿಟ್ಟುಹೋದ ಹಳೆಯ ಟ್ಯಾಬ್, ಒಂದು ಮೂಲೆ ಸೀಳಿದ್ದು.

“ದಿಲಾವರಾ, ಆಕಿ ಪದ ಎಲ್ಲಾ ಹಿಡದಿಡಬೇಕು. ಆರ ವಾರ ಐತಿ” ಅಂದ.

ಆಗಲೇ ಟ್ಯಾಬನ್ನು ಮಗ್ಗದ ಮೇಲಿಟ್ಟು ಒಂದು ಪದ ಹಿಡಿದಿದ್ದ. ಕೇಳಿಸಿದ. ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ ಮಗ್ಗದ ಸದ್ದು, ಅದರ ಕೆಳಗೆಲ್ಲೋ ಅನ್ನವ್ವ. ನಾನು ತಿಳಿಸಿ ಹೇಳಿದೆ. ಒಂದು ಮೈಕು ಬೇಕು. ಮೈಕಿಗೂ ಟ್ಯಾಬಿಗೂ ನಡುವೆ ಒಂದು ಡಬ್ಬಿ ಬೇಕು, ಇಂಟರ್‌ಫೇಸ್ ಅಂತಾರೆ. ಅದರಲ್ಲಿ ಒಂದು ತೂತಿನದು, ಎರಡು ತೂತಿನದು ಅಂತ ಬರುತ್ತವೆ. ಒಂದು ತೂತಿಗೆ ಒಂದು ಮೈಕು. ಹಾಡುವಾಕೆ ಒಬ್ಬಳು, ಹಾಗಾಗಿ ಒಂದು ತೂತು ಸಾಕು. ಇದರಲ್ಲಿ ತಿಳಿಯದೆ ಇರುವಂಥದ್ದು ಏನಿದೆ ಹೇಳಿ.

ಅವನು ಹುಬ್ಬಳ್ಳಿಗೆ ಹೊರಟಾಗ ಅನ್ನವ್ವ ಒಳಗಿನಿಂದ ಕೂಗಿದಳು. “ಬರೂಮುಂದ ಮೊಣಕಾಲಿಗೆ ಹಚ್ಚೂ ಎಣ್ಣಿ ತರ್ರಿ. ಕೆಂಪ ಬಾಟ್ಲಿದು.” ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೇ ಅದು ಸಿಗುತ್ತದೆ. ಹೆಂಗೂ ಹೊಂಟೀನಿ, ಅಲ್ಲೇ ತರತೀನಿ ಅಂದ. ಸಂಜೆ ತಂದದ್ದು ಎರಡು ತೂತಿನ ಡಬ್ಬಿ.

“ಒಂದು ಕೊರಳಿಗೆ ಎರಡು ತೂತು ಯಾಕೋ ಮಾರಾಯಾ?” ಅಂದೆ.

ಹನುಮಂತಪ್ಪ ಮೀಸೆ ತಿಕ್ಕಿಕೊಂಡ. “ಪೆಟ್ಟಿಗಿಗೊಂದು ಬೇಕಲ್ಲೋ.”

ನೋಡಿ. ಹೆಂಡತಿಯ ಪದ ಉಳಿಸಲು ಹೋದವನು ತನ್ನ ಹಾರ್ಮೋನಿಯಂಗೂ ಒಂದು ಜಾಗ ಹಿಡಿದು ಬಂದಿದ್ದ. ಜೊತೆಗೆ ತಂದ ಮೈಕು ಬಲು ನಾಜೂಕಿನದು, ಉಸಿರೂ ಕೇಳುವಂಥದ್ದು. ಅಂಗಡಿಯವನು ಹಾಡುವವರೆಲ್ಲ ಇದನ್ನೇ ಒಯ್ಯುತ್ತಾರೆ ಅಂದನಂತೆ. ಆ ಮೈಕಿಗೆ ಕರೆಂಟು ಡಬ್ಬಿಯಿಂದ, ಡಬ್ಬಿಗೆ ಟ್ಯಾಬಿನಿಂದ. ಹಳೆಯ ಟ್ಯಾಬು, ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ಚಾರ್ಜಿಗೆ ಹಾಕೋಣ ಅಂದರೆ ಟ್ಯಾಬಿಗೆ ಇರುವುದೇ ಒಂದು ಬಾಯಿ, ಅದರಲ್ಲಿ ಡಬ್ಬಿಯ ವೈರು. ಒಂದು ಬಾಯಿಯನ್ನು ನಾಲ್ಕು ಮಾಡುವ ಹಬ್ ಅಂತ ಬರುತ್ತದೆ, ಅದು ಬೇಕಾಯಿತು. ಮತ್ತೆ ಹುಬ್ಬಳ್ಳಿ, ಹಬ್ ಬಂತು.

“ಎಣ್ಣಿ?” ಅಂದಳು ಅನ್ನವ್ವ.

“ಮುಂದಿನ ಸಲ” ಅಂದ ಇವನು.

ಮುಂದಿನ ಸಲ ತಂದದ್ದು ಹೆಡ್‌ಫೋನು. ಕಿವಿ ಪೂರಾ ಮುಚ್ಚುವಂಥ ಎರಡು ಕರಿ ಡಬ್ಬಿ. ಒಳಗಿನ ಸದ್ದು ಹೊರಗೆ ಸೋರಬಾರದಂತೆ, ಸೋರಿದರೆ ಮೈಕು ಅದನ್ನೂ ಹಿಡಿಯುತ್ತದಂತೆ. ಆ ಮಾತು ಖರೇ ಇತ್ತು, ಆದರೂ ನಾನು ಒಪ್ಪಿಕೊಳ್ಳಲಿಲ್ಲ. ಎಣ್ಣೆ ಈ ಸಲವೂ ಬರಲಿಲ್ಲ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮಗ್ಗ ನಿಲ್ಲಿಸಿ ಹಾಡಿಸು, ಸದ್ದೇ ಇಲ್ಲದಿದ್ದರೆ ತಕರಾರೇ ಇಲ್ಲ ಅಂದವನು ನಾನು. ಗೋಡೆಗೆಲ್ಲ ಹಳೆ ಸೀರೆಯಲ್ಲಿ ಹೊಲಿದ ದಪ್ಪ ಕೌದಿ ಕಟ್ಟಿಸಿದೆ. ಕಿಟಕಿಗೆ ಹಾಸಿಗೆ ಒತ್ತಿಸಿದೆ. ಎರಡು ವಾರ ಇದರಲ್ಲೇ ಹೋಯಿತು. ಆ ನಾಜೂಕು ಮೈಕು ಪಕ್ಕದ ಮನೆಯ ಕುಕ್ಕರ್ ಕೇಳಿತು, ಬಸ್ಸಿನ ಹಾರ್ನು ಕೇಳಿತು, ನನ್ನ ಹೊಟ್ಟೆ ಗುರುಗುಟ್ಟಿದ್ದನ್ನೂ ಕೇಳಿತು. ಅನ್ನವ್ವನ ದನಿಯೊಂದನ್ನೇ ಕೇಳಲಿಲ್ಲ, ಯಾಕೆಂದರೆ ಆಕೆ ಹಾಡಲಿಲ್ಲ. ಕುರ್ಚಿಯ ಮೇಲೆ ಹೊಸ ಸೊಸೆಯ ಹಾಗೆ ಕೂತು ಉಪ್ಪು, ಕುಪ್ಪಸ ಅಂದಳು. ಬೆಲ್ಲಕ್ಕೆ ಬಂದು ನಿಂತಳು.

“ಬೆಲ್ಲ ತಾ ಅಂದರ ಏನ ತಂದಾನ?” ಅಂತ ನಮ್ಮನ್ನೇ ಕೇಳಿದಳು.

“ಬಾಸಿಂಗ” ಅಂದೆವು ಇಬ್ಬರೂ.

“ಅದರ ಮುಂದ?”

ನಮಗೂ ಬರಲಿಲ್ಲ. ಆಕೆ ಎದ್ದಳು, ಮೊಣಕಾಲು ಹಿಡಿದುಕೊಂಡು ಕುಣಿಗಿಳಿದಳು, ನಾಲ್ಕು ಸಲ ಮಣೆ ತುಳಿದಳು. ಪದ ಪೂರ್ತಿ ಬಂತು, ನಾವು ಕೇಳಿರದ ಐದು ನುಡಿ ಸೇರಿಸಿ. ನಾನು ಗೋಡೆಯ ಕೌದಿ ಬಿಚ್ಚತೊಡಗಿದೆ.

ಆಮೇಲೆ ಅಂಗಡಿಗೆ ಹೋಗಿ ನನ್ನ ಹಳೆಯ ಮದುವೆ ಮೈಕು ತಂದೆ. ಎಷ್ಟು ಸಲ ನೆಲಕ್ಕೆ ಬಿದ್ದಿದೆಯೋ, ಜಾಲರಿ ಚಪ್ಪಟೆಯಾಗಿದೆ. ಆದರೆ ಬಾಯಿಗೆ ಹತ್ತಿರ ಹಿಡಿದರೆ ಬಾಯಿಯದಷ್ಟೇ ಕೇಳುತ್ತದೆ, ದೂರದ್ದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದನ್ನು ಮಗ್ಗದ ಮೇಲಿನ ಗಳಕ್ಕೆ ಕಟ್ಟಿ ಅನ್ನವ್ವನ ತುಟಿಯ ಮುಂದೆ ಇಳಿಬಿಟ್ಟೆವು. ಅನ್ನವ್ವನ ದನಿ ಸ್ವಚ್ಛ ಬಂತು. ಹನುಮಂತಪ್ಪ ಖುಷಿಯಲ್ಲಿ ಹಾರ್ಮೋನಿಯಂ ಎಳೆದುಕೊಂಡ.

“ಪೆಟ್ಟಿಗಿ ಬಾರಿಸಿದರ ನಾ ಹಾಡಂಗಿಲ್ಲ. ನಿಮ್ಮ ಪೆಟ್ಟಿಗಿಗೆ ಭಾಳ ಅವಸರ” ಅಂದಳು ಅನ್ನವ್ವ.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಈ ಮಾತನ್ನು ಆಕೆ ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ. ಹನುಮಂತಪ್ಪನ ಮುಖ ಸಣ್ಣದಾಯಿತು. ಪೆಟ್ಟಿಗೆ ಮುಚ್ಚಿದ. ಎರಡನೆಯ ತೂತು ಬಾಯಿ ಬಿಟ್ಟುಕೊಂಡು ಕೂತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ನಾಜೂಕು ಮೈಕನ್ನು ಅದಕ್ಕೆ ಸಿಕ್ಕಿಸಿ, ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿ ಕುಣಿಯೊಳಗೆ, ಅನ್ನವ್ವನ ಕಾಲ ಹತ್ತಿರ ಇಳಿಸಿದ.

“ಅಲ್ಲೇನ ಐತಿ ಕೇಳಾಕ?” ಅಂತ ನಕ್ಕೆ.

“ತೂತ ಖಾಲಿ ಐತೆಲ್ಲೋ” ಅಂದ. ನೇಕಾರರ ಮನೆಯಲ್ಲಿ ಮೊಳ ನೂಲನ್ನೂ ಬಿಸಾಡುವುದಿಲ್ಲ, ತೂತು ಬಿಡುತ್ತಾರೆಯೇ?

ಹೀಗೆ ಹಿಡಿಯುವ ಹೊತ್ತಿಗೆ ಹಬ್ಬ ಬಂದೇಬಿಟ್ಟಿತ್ತು. ಇದ್ದವು ಮೂವತ್ತರ ಮೇಲೆ ಪದ. ಕರೆಂಟು ಹೋದದ್ದು, ಮೊಣಕಾಲು ನೊಂದು ಆಕೆ ಎದ್ದದ್ದು ಬಿಟ್ಟರೆ ಸಿಕ್ಕದ್ದು ಏಳು. ಗಂಡನ ಪದ ಅದರಲ್ಲಿ ಇರಲಿಲ್ಲ. ಅದು ದಿನಾ ಕೇಳುವ ಪದ, ಯಾವಾಗ ಹಿಡಿದರೂ ಆದೀತು ಅಂತ ಕೊನೆಗೆ ಇಟ್ಟುಕೊಂಡಿದ್ದೆವು. ಸೋಮವಾರ ಗುಳೇದಗುಡ್ಡದವರು ಬಂದು ಮಗ್ಗ ಬಿಚ್ಚಿ ಟೆಂಪೋಗೆ ಹೇರಿದರು. ಕುಣಿಗೆ ಮಣ್ಣು ತುಂಬಿ, ಸಾರಿಸಿ, ಮೇಲೆ ಜಮಖಾನೆ ಹಾಸಿದರು.

ಓಣಿ ಸಪ್ಪಗಾಯಿತು. ನಾಕು ದಿನ ಬಿಟ್ಟು ಹೋದಾಗ ಹನುಮಂತಪ್ಪ ಕಟ್ಟೆಯ ಮೇಲೆ ಕೂತಿದ್ದ. “ಏಳ ಸಿಕ್ಕುವು. ಉಳದುವು ಆಕಿ ಕಾಲಾಗ ಇದ್ದುವು, ಮಣ್ಣ ಹಾಕಿ ಮುಚ್ಚಿದಿವಿ” ಅಂದ. ಅವನ ಕಣ್ಣು ತುಂಬಿದ್ದವು. ನನ್ನ ಕೌದಿಗಳು ತಿಂದ ಎರಡು ವಾರದ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಬೈದಿದ್ದರೂ ಚಲೋ ಇತ್ತು, ಬೈಯಲಿಲ್ಲ.

ಆಕೆಗಾದರೂ ಕೇಳಿಸು ಅಂದೆ. ಒಳಗೆ ಅನ್ನವ್ವ ಜಮಖಾನೆಯ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹನುಮಂತಪ್ಪ ಹೆಡ್‌ಫೋನನ್ನು ಆಕೆಯ ಸೆರಗು ಸರಿಸಿ ಕಿವಿಗೆ ಹಾಕಿದ. ತನ್ನ ದನಿ ಕೇಳಿ ಖುಷಿಯಾಗುತ್ತಾಳೆ ಅಂದುಕೊಂಡೆವು. ಆಕೆ ಹುಬ್ಬು ಗಂಟಿಕ್ಕಿದಳು.

“ಇಲ್ಲಿ ಎಳಿ ಹರದೈತಿ” ಅಂದಳು. ಆಕೆ ಕೇಳುತ್ತಿದ್ದದ್ದು ಹಾಡನ್ನಲ್ಲ, ಮಗ್ಗದ ನೂಲನ್ನು. ಇನ್ನೊಂದಿಷ್ಟು ಕೇಳಿ, “ಈ ಬಾಯಿ ತಗೀರಿ. ಬರೇ ಮಗ್ಗ ಹಾಕ್ರಿ” ಅಂದಳು.

ಹನುಮಂತಪ್ಪ ನನ್ನ ಮುಖ ನೋಡಿದ, ನಾನು ಅವನದು. ಎರಡು ತೂತಿನಿಂದ ಬಂದದ್ದು ಟ್ಯಾಬಿನಲ್ಲಿ ಎರಡು ಗೆರೆಯಾಗಿ ಬೇರೆ ಬೇರೆ ಇತ್ತು. ಅವನು ಮೇಲಿನದನ್ನು ಮುಚ್ಚಿದ. ಉಳಿದದ್ದು ಕುಣಿಯ ಸದ್ದು. ನಮಗೆ ಏನೂ ಕೇಳಲಿಲ್ಲ, ಆಕೆಯ ಕಿವಿಯಲ್ಲಷ್ಟೇ. ನೋಡುತ್ತಿದ್ದಂತೆ ಅನ್ನವ್ವನ ಬಲಗಾಲು ಜಮಖಾನೆಯನ್ನು ಮೆಲ್ಲಗೆ ಒತ್ತಿತು. ಆಮೇಲೆ ಎಡಗಾಲು. ಹನುಮಂತಪ್ಪ ಗಡಬಡಿಸಿ ನನ್ನ ಮದುವೆ ಮೈಕನ್ನು ಆಕೆಯ ಮುಂದೆ ಹಿಡಿದು ಗುಂಡಿ ಒತ್ತಿದ.

ಉಪ್ಪಾಯಿತು, ಬೆಲ್ಲವಾಯಿತು, ಅವತ್ತು ಕುಣಿಯಲ್ಲಿ ಕೇಳಿದ ಐದೂ ನುಡಿ ಬಂದವು. ಎಲ್ಲೂ ನಿಲ್ಲಲಿಲ್ಲ. ಮುಗಿಯಿತು ಅನ್ನುವಾಗ ಅನ್ನವ್ವ ಗಂಡನ ಮುಖ ನೋಡಿಕೊಂಡು ಇನ್ನೊಂದು ನುಡಿ ತೆಗೆದಳು. ಅದನ್ನು ಆ ಓಣಿ ಎಂದೂ ಕೇಳಿರಲಿಲ್ಲ.

‘ಮೊಣಕಾಲಿಗೆಣ್ಣಿ ತಾ ಅಂದರ
ಕಿವಿಗೆರಡು ಡಬ್ಬಿ ತಂದಾನ,
ಎಂಥಾವ ನನ್ನ ಮನಿಯಾವ.’

ಹನುಮಂತಪ್ಪ ಮೈಕನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ನನಗೆ ಗೊತ್ತಿಲ್ಲ, ಹಿಡಿದುಕೊಂಡೇ ನಿಂತೆ. ಹಾಗಾಗಿ ಆ ಪದದ ಕೊನೆಗೆ ಅನ್ನವ್ವ “ಎಲ್ಲಿ ಹ್ವಾದ್ರು ಇವ್ರು?” ಅನ್ನುವುದು, ನಾನು “ಬಸ್‌ಸ್ಟ್ಯಾಂಡಿಗೆ, ಎಣ್ಣಿ ತರಾಕ” ಅನ್ನುವುದು, ಆಕೆ “ಎರಡ ಬಾಟ್ಲಿ ತಾ ಅಂತ ಒದರಿ ಹೇಳು ದಿಲಾವರಣ್ಣ, ಇನ್ನ ಇಪ್ಪತ್ತರ ಮ್ಯಾಲ ಪದ ಅದಾವು” ಅನ್ನುವುದು, ನಾನು ಓಣಿಗೆ ಕೇಳುವ ಹಾಗೆ ಒದರಿದ್ದು, ಎಲ್ಲ ಇದೆ. ಹನುಮಂತಪ್ಪ ಅದನ್ನು ಅಳಿಸಿಲ್ಲ.